ನಿಮಗಿದು ಗೊತ್ತೇ? ಹಸುವಿಗೆ ಮೇಕೆಯ ಲಸಿಕೆ!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ... ಯಾವ ಸೀಮೆಗಾದರೂ ಹೋಗಿ, ಹಸುವಿನ ಕಿವಿ ನೋಡಿ. ಹಳದಿ ಬಿಲ್ಲೆ, ಅದರ ಮೇಲೆ 12 ಅಂಕಿ. ನಿಮ್ಮ ಆಧಾರ್‌ಗೂ ಅಷ್ಟೇ ಅಂಕಿ ಅಲ್ಲವೇ! ಲಸಿಕೆ ಲೆಕ್ಕವೆಲ್ಲ ಆ ನಂಬರಿನ ಮೇಲೇ ಬರೆದುಕೊಳ್ಳುತ್ತಾರೆ.

2022ರಲ್ಲಿ ಚರ್ಮಗಂಟು ರೋಗ ರಾಜ್ಯದ ದನಗಳ ಮೈತುಂಬಾ ಗಂಟು ಎಬ್ಬಿಸಿತಲ್ಲ, ಆಗ ಹಸುಗಳಿಗೆ ಚುಚ್ಚಿದ್ದು ಯಾವ ಲಸಿಕೆ ಗೊತ್ತೇ? ಮೇಕೆ ಸಿಡುಬಿನದು! ಎರಡೂ ವೈರಸ್‌ಗಳು ಹತ್ತಿರದ ನೆಂಟರು. ಒಂದನ್ನು ಪರಿಚಯ ಮಾಡಿಸಿದರೆ ಸಾಕು, ಹಸುವಿನ ಮೈ ಇನ್ನೊಂದನ್ನೂ ಗುರುತು ಹಿಡಿಯುತ್ತದೆ. ಅಂದಹಾಗೆ ಈ ರೋಗ ಮೊದಲು ಕಂಡದ್ದು 1929ರಲ್ಲಿ, ಆಫ್ರಿಕಾದ ಜಾಂಬಿಯಾದಲ್ಲಿ. ಭಾರತ ತಲುಪಿದ್ದು 2019ಕ್ಕೆ. 90 ವರ್ಷ ಬೇಕಾಯಿತು!

ಕಾಲುಬಾಯಿ ರೋಗದ ವೈರಸ್‌ನಲ್ಲಿ ಏಳು ಬಗೆ. ಒಂದರ ಲಸಿಕೆ ಇನ್ನೊಂದಕ್ಕೆ ತಾಗುವುದೇ ಇಲ್ಲ! ಅದಕ್ಕೇ ನಮ್ಮ ದೇಶದಲ್ಲಿ ಓಡಾಡುವ ಮೂರು ಬಗೆಗೂ ಸೇರಿಸಿ ಒಂದೇ ಸೂಜಿ. ಆರು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕು, ಮರೆಯಬೇಡಿ.

ಈ ರೋಗ ಸೀಳುಗೊರಸಿನ ಪ್ರಾಣಿಗಳದ್ದು. ದನ, ಎಮ್ಮೆ, ಕುರಿ, ಮೇಕೆ, ಹಂದಿ ಎಲ್ಲಕ್ಕೂ ಬರುತ್ತದೆ. ಕುರಿ ಹಿಂಡಿನ ಜೊತೆ ಗಂಟುಮೂಟೆ ಹೊತ್ತು ನಡೆಯುವ ಕತ್ತೆಗೆ ಮಾತ್ರ ಏನೂ ಆಗುವುದಿಲ್ಲ! ಇನ್ನೂ ಸೋಜಿಗ ಬೇಕೇ? ಕುರಿಗೆ ಬಂದರೆ ಎಷ್ಟೋ ಸಲ ಹೊರಗೆ ಗೊತ್ತೇ ಆಗದು. ಸುಮ್ಮನೆ ಮೇಯುತ್ತಾ ಪಕ್ಕದ ಹಸುವಿಗೆ ದಾಟಿಸಿಬಿಡುತ್ತದೆ!

ಪಾವಗಡದ ಸುತ್ತ ಬಹುಪಾಲು ಆಂಧ್ರವೇ. ದನಕ್ಕೆ ಗಡಿ ಎಲ್ಲಿ ಕಾಣಬೇಕು? ವೈರಸ್‌ಗಂತೂ ಸಮುದ್ರವೂ ಲೆಕ್ಕಕ್ಕಿಲ್ಲ. 1981ರಲ್ಲಿ ಕಾಲುಬಾಯಿ ವೈರಸ್ ಬರೀ ಗಾಳಿಯಲ್ಲಿ ತೇಲಿ ಫ್ರಾನ್ಸಿನಿಂದ ಇಂಗ್ಲೆಂಡಿನ ವೈಟ್ ದ್ವೀಪಕ್ಕೆ ಹೋಗಿತ್ತು!

ಲಸಿಕೆ ಹಾಕುವವರ ಹೆಗಲಲ್ಲಿ ಐಸ್ ಡಬ್ಬಿ ನೋಡಿದ್ದೀರಾ? ಬಿಸಿಲಿಗೆ ಲಸಿಕೆ ಕೆಡುತ್ತದೆ, ಸರಿ. ಹೆಪ್ಪುಗಟ್ಟಿದರೂ ಕೆಡುತ್ತದೆ! 2ರಿಂದ 8 ಡಿಗ್ರಿ ಒಳಗೇ ಇರಬೇಕು. ಪಾವಗಡದ ಏಪ್ರಿಲ್ ಬಿಸಿಲಲ್ಲಿ ಇದು ಸಣ್ಣ ಸಾಹಸವೇನಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಲಸಿಕೆ ಸಂಸ್ಥೆ ಹುಟ್ಟಿದ್ದು 1925ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಕಾರಣ ದನಗಳ ದೊಡ್ಡರೋಗ. ಆ ರೋಗ ಈಗೆಲ್ಲಿ? ಎಲ್ಲೂ ಇಲ್ಲ! 2011ರಲ್ಲಿ ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾಯಿತು. ಮನುಷ್ಯ ಹೀಗೆ ಪೂರಾ ಅಳಿಸಿಹಾಕಿದ ರೋಗಗಳು ಎರಡೇ: ನಮ್ಮ ಸಿಡುಬು, ದನಗಳ ದೊಡ್ಡರೋಗ.

ಹಾಲು ಕುಡಿಯುವ ಎಳೆಗರುವಿಗೆ ಕಾಲುಬಾಯಿ ಲಸಿಕೆ ಯಾಕೆ ಹಾಕುವುದಿಲ್ಲ? ನಾಲ್ಕು ತಿಂಗಳು ತುಂಬಲಿ ಅನ್ನುತ್ತಾರೆ ಡಾಕ್ಟರು. ತಾಯಿಗೆ ಲಸಿಕೆ ಆಗಿದ್ದರೆ ಗಿಣ್ಣದ ಹಾಲಿನಲ್ಲೇ ಕರುವಿಗೆ ರಕ್ಷಣೆ ಬಂದಿರುತ್ತದೆ. ಆ ರಕ್ಷಣೆಯೇ ಲಸಿಕೆಗೆ ಅಡ್ಡಗಾಲು!