ಹೊಸ ಕಾರ್ಮಿಕ ಸಂಹಿತೆ: ಮಾಲೀಕರು ನಂಬಿರುವುದು, ಕಾನೂನು ಹೇಳುವುದು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಾದ್ಯಂತ ಜಾರಿಗೆ ಬಂದವು. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ ಇವುಗಳ ವಿಷಯ. ಒಟ್ಟು 29 ಹಳೆಯ ಕಾಯ್ದೆಗಳನ್ನು ಒಳಗೊಳ್ಳಲೆಂದು ರೂಪಿಸಿದವು ಇವು. ಆದರೆ ಸಣ್ಣ ಕಾರ್ಖಾನೆ, ಅಂಗಡಿ, ಕಚೇರಿ ನಡೆಸುವವರಿಗೆ ಕಾನೂನಿಗಿಂತ ಮೊದಲು ತಲುಪಿದ್ದು ವಾಟ್ಸ್‌ಆ್ಯಪ್ ಸಂದೇಶಗಳು. ಅವುಗಳಲ್ಲಿ ನಿಜದ ಜೊತೆ ಊಹೆಯೂ ಬೆರೆತಿದೆ. ಊಹೆ ನಂಬಿ ಸಂಬಳದ ಲೆಕ್ಕ ಹಾಕಿದರೆ ಏಟು ಮಾಲೀಕರಿಗೂ ಬೀಳುತ್ತದೆ, ನೌಕರರಿಗೂ ಬೀಳುತ್ತದೆ.

ಮೊದಲ ತಪ್ಪು ಕಲ್ಪನೆ: "ಹೊಸ ನಿಯಮಗಳು ಕೈಗೆ ಬರುವವರೆಗೆ ಏನೂ ಮಾಡಬೇಕಿಲ್ಲ." ನಿಯಮಗಳು ವಿವರ ಕೊಡುತ್ತವೆ, ಹೊಣೆ ಹುಟ್ಟುವುದು ಸಂಹಿತೆಯಿಂದಲೇ. ಹೊಸ ನಿಯಮ ಬರುವವರೆಗೆ, ಸಂಹಿತೆಗೆ ವಿರುದ್ಧವಾಗಿಲ್ಲದ ಹಳೆಯ ನಿಯಮಗಳೇ ನಡೆಯುತ್ತವೆ. ನೇಮಕಾತಿ ಪತ್ರವನ್ನೇ ನೋಡಿ. ಅದುವರೆಗೆ ಪತ್ರ ಸಿಗದೆ ದುಡಿಯುತ್ತಿದ್ದವರಿಗೂ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕು ಎಂದು ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೇ ಬರೆದಿದೆ. ಹತ್ತು ಜನ ದುಡಿಯುವ ಶೆಡ್ ಕೂಡ ಈ ಸಂಹಿತೆಯ ವ್ಯಾಪ್ತಿಗೆ ಬರುತ್ತದೆ. "ನಮ್ಮ ಹುಡುಗರೇ, ಕಾಗದ ಯಾಕೆ?" ಎನ್ನುವ ವಿಶ್ವಾಸದ ಮಾತು ಕೇಳಲು ಚೆನ್ನ. ಜಗಳ ಬಂದ ದಿನ ಇಬ್ಬರನ್ನೂ ಕಾಯುವುದು ಕಾಗದವೇ.

ಅತಿ ಹೆಚ್ಚು ಗೊಂದಲ ಇರುವುದು ಶೇಕಡ 50ರ ವಿಷಯದಲ್ಲಿ. "ಬೇಸಿಕ್ ಅನ್ನು ಅರ್ಧಕ್ಕೆ ಏರಿಸಲೇಬೇಕು, ಹಾಗಾಗಿ ಎಲ್ಲರ ಕೈಗೆ ಬರುವ ಸಂಬಳ ಇಳಿಯುತ್ತದೆ" ಎಂಬುದು ಜನಪ್ರಿಯ ಮಾತು. ಸಂಬಳದ ಚೀಟಿಯನ್ನು ಹೀಗೇ ಬರೆಯಿರಿ ಎಂದು ಸಂಹಿತೆ ಹೇಳಿಲ್ಲ. ಮನೆ ಬಾಡಿಗೆ, ಪ್ರಯಾಣದಂಥ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು 'ವೇತನ'ಕ್ಕೆ ಸೇರಿಸಿ ಲೆಕ್ಕ ಹಾಕಿ ಎಂದಷ್ಟೇ ಹೇಳಿದೆ.

ಒಂದು ಲೆಕ್ಕ ಬಿಡಿಸಿ ನೋಡೋಣ. ತಿಂಗಳಿಗೆ 30,000 ರೂಪಾಯಿ ಸಂಬಳ. ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ 9,000, ಉಳಿದ 21,000 ಮನೆ ಬಾಡಿಗೆ ಮತ್ತು ಪ್ರಯಾಣ ಭತ್ಯೆ ಎಂದಿಟ್ಟುಕೊಳ್ಳಿ. ಅರ್ಧ ಅಂದರೆ 15,000. ಭತ್ಯೆ 6,000 ಮೀರಿತು. ಆ 6,000 ಬೇಸಿಕ್ ಕಡೆಗೆ ಬಂದು ವೇತನ 15,000 ಆಗುತ್ತದೆ. ಗ್ರಾಚ್ಯುಟಿಗೆ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸುತ್ತೇವೆ. ಹಳೆಯ ಲೆಕ್ಕದಲ್ಲಿ ಪ್ರತಿ ವರ್ಷದ ಸೇವೆಗೆ ಸುಮಾರು 5,192 ರೂಪಾಯಿ ಬರುತ್ತಿತ್ತು, ಈಗ ಸುಮಾರು 8,654. ಬೇಸಿಕ್ ಕುಗ್ಗಿಸಿ ಭತ್ಯೆ ಉಬ್ಬಿಸುವ ಹಳೆಯ ಚಾಳಿಗೆ ಕಾನೂನು ಕೊಟ್ಟ ಉತ್ತರ ಇದು. ದುಡಿದವರಿಗೆ ಸಲ್ಲಬೇಕಾದದ್ದು ತಡವಾಗಿಯಾದರೂ ಸಲ್ಲುತ್ತಿದೆ ಎಂದೇ ನನ್ನ ಭಾವನೆ.

ಪಿಎಫ್ ಕಡಿತದ ಭಯವನ್ನೂ ಇಲ್ಲೇ ಬಿಡಿಸಿಕೊಳ್ಳಬೇಕು. ಕಡ್ಡಾಯ ಪಿಎಫ್‌ಗೆ ವೇತನದ ಮಿತಿ 15,000 ರೂಪಾಯಿ, ಅದರ ಶೇಕಡ 12 ಅಂದರೆ 1,800. ಈಗಾಗಲೇ ಅಷ್ಟು ಕಡಿತವಾಗುತ್ತಿದ್ದರೆ ಹೊಸ ವ್ಯಾಖ್ಯೆಯಿಂದ ಕೈಗೆ ಬರುವ ಹಣ ಇಳಿಯುವುದಿಲ್ಲ ಎಂದು ಕೇಂದ್ರ ಕಾರ್ಮಿಕ ಸಚಿವಾಲಯವೇ ಸ್ಪಷ್ಟಪಡಿಸಿದೆ. ಇನ್ನು ಎಲ್ಲರಿಗೂ ಒಂದೇ ಸಮ ಕೊಡುವ ಭತ್ಯೆಯನ್ನು ಪಿಎಫ್ ಲೆಕ್ಕದಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ಹೇಳಿತ್ತು. ಹಾಗಾಗಿ ಇದನ್ನು ದಿಢೀರ್ ಹೊರೆ ಎನ್ನುವುದು ಸರಿಯಲ್ಲ.

"ಇನ್ನು ಮೇಲೆ ಒಂದು ವರ್ಷ ದುಡಿದರೆ ಎಲ್ಲರಿಗೂ ಗ್ರಾಚ್ಯುಟಿ." ಇದೂ ಅರ್ಧ ಸತ್ಯ. ಒಂದು ವರ್ಷದ ಸೇವೆ ಸಾಕಾಗುವುದು ನಿಗದಿತ ಅವಧಿಯ ಕರಾರಿನ ಮೇಲೆ ನೇಮಕವಾದವರಿಗೆ. ಕಾಯಂ ನೌಕರರಿಗೆ ಐದು ವರ್ಷದ ಷರತ್ತು ಉಳಿದಿದೆ. ಸಾವು ಅಥವಾ ಅಂಗವೈಕಲ್ಯದಿಂದ ಕೆಲಸ ನಿಂತರೆ ಮಾತ್ರ ಆ ಐದು ವರ್ಷ ಬೇಕಿಲ್ಲ. ಹನ್ನೊಂದು ತಿಂಗಳಿಗೆ ಕೆಲಸ ಬಿಡಿಸಿ ಮತ್ತೆ ಸೇರಿಸಿಕೊಳ್ಳುವ ಉಪಾಯ ಹುಡುಕುವವರು ಇದ್ದೇ ಇರುತ್ತಾರೆ. ಅಂಥ ಸಲಹೆಗೆ ದಯವಿಟ್ಟು ಕಿವಿಗೊಡಬೇಡಿ.

"ದಿನಕ್ಕೆ 12 ಗಂಟೆ ಕೆಲಸ ಕಡ್ಡಾಯ" ಎಂಬ ಗಾಳಿಸುದ್ದಿಗೆ ಉತ್ತರ ಚಿಕ್ಕದು. ವಾರಕ್ಕೆ 48 ಗಂಟೆಯ ಮಿತಿ ಹಾಗೆಯೇ ಇದೆ. ಹೆಚ್ಚುವರಿ ದುಡಿಮೆಗೆ ಕಾರ್ಮಿಕರ ಒಪ್ಪಿಗೆ ಬೇಕು, ಓಟಿಗೆ ಎರಡು ಪಟ್ಟು ದರ ಕೊಡಬೇಕು.

ಮಾಲೀಕರಿಗೆ ಅತಿ ದುಬಾರಿಯಾಗಬಹುದಾದ ತಪ್ಪು ತಿಳಿವಳಿಕೆ 300ರ ಸಂಖ್ಯೆಯದು. ಮೊದಲು ಕಾರ್ಖಾನೆಯಲ್ಲಿ 100 ಕಾರ್ಮಿಕರಿದ್ದರೆ ಛಾಟಣಿಗೆ, ಅಂದರೆ ಉದ್ಯೋಗ ಕಡಿತಕ್ಕೆ, ಸರ್ಕಾರದ ಪೂರ್ವಾನುಮತಿ ಬೇಕಿತ್ತು, ಈಗ ಆ ಮಿತಿ 300ಕ್ಕೇರಿದೆ. "ಹಾಗಾದರೆ 300ಕ್ಕಿಂತ ಕಡಿಮೆ ಇದ್ದರೆ ಯಾರನ್ನು ಬೇಕಾದರೂ ನಾಳೆಯೇ ಮನೆಗೆ ಕಳಿಸಬಹುದು" ಎಂದುಕೊಂಡವರು ಮುಂದಿನ ಸಾಲು ಓದಿಲ್ಲ. ಹೋಗಿರುವುದು ಪೂರ್ವಾನುಮತಿ ಮಾತ್ರ. ಒಂದು ವರ್ಷ ನಿರಂತರ ದುಡಿದ ಕಾರ್ಮಿಕರಿಗೆ ಕಾರಣ ತಿಳಿಸಿ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ವೇತನ ಕೊಡಬೇಕು. ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನದಷ್ಟು ಪರಿಹಾರ ಕೊಡಬೇಕು. ಸರ್ಕಾರಕ್ಕೂ ತಿಳಿಸಬೇಕು. ಜೊತೆಗೆ ಹೊಸದೊಂದು ಬಾಬ್ತು ಸೇರಿದೆ: ಛಾಟಣಿಯಾದ ಪ್ರತಿ ಕಾರ್ಮಿಕರ ಲೆಕ್ಕದಲ್ಲಿ 15 ದಿನದ ವೇತನವನ್ನು ಮರುಕೌಶಲ ನಿಧಿಗೆ ಕಟ್ಟಬೇಕು. ಬೇರೆ ಕೆಲಸ ಕಲಿಯಲೆಂದು ಆ ಹಣ 45 ದಿನದೊಳಗೆ ಅವರ ಖಾತೆಗೆ ಹೋಗುತ್ತದೆ.

ಕೊನೆಗೆ ಲೆಕ್ಕ ಚುಕ್ತಾ ವಿಷಯ. ಕೆಲಸ ಬಿಟ್ಟವರು ಬಾಕಿ ಸಂಬಳಕ್ಕೆ ಒಂದೂವರೆ ತಿಂಗಳು ಅಲೆಯುವುದು ಎಷ್ಟೋ ಕಡೆ ರೂಢಿ. "ಅದು ಕಂಪನಿ ಪಾಲಿಸಿ" ಎಂಬ ಉತ್ತರ ಇನ್ನು ನಡೆಯುವುದಿಲ್ಲ. ವೇತನ ಸಂಹಿತೆಯ 17ನೇ ಸೆಕ್ಷನ್ ಪ್ರಕಾರ, ವಜಾ ಆಗಿರಲಿ, ಛಾಟಣಿ ಆಗಿರಲಿ, ತಾವೇ ರಾಜೀನಾಮೆ ಕೊಟ್ಟಿರಲಿ, ಎರಡು ಕೆಲಸದ ದಿನಗಳೊಳಗೆ ವೇತನ ಕೊಡಬೇಕು. ಭಾನುವಾರ ಮಾತ್ರ ರಜೆ ಇರುವ ಕಡೆ ಶುಕ್ರವಾರ ಕೊನೆಯ ದಿನವಾದರೆ ಸೋಮವಾರದೊಳಗೆ ಹಣ ಸೇರಬೇಕು. ಗ್ರಾಚ್ಯುಟಿಗೆ ಮಾತ್ರ 30 ದಿನದ ಅವಕಾಶವಿದೆ. ಲ್ಯಾಪ್‌ಟಾಪ್, ಗುರುತಿನ ಚೀಟಿ ವಾಪಸ್ ಪಡೆಯುವ ಕೆಲಸವನ್ನು ಕೊನೆಯ ದಿನಕ್ಕೆ ಮೊದಲೇ ಮುಗಿಸಿಕೊಂಡರೆ ಈ ಗಡುವು ಕಷ್ಟವಲ್ಲ.