ಹೊಟ್ಟೆಯ ಮೇಲಿನ ಹೊಸ ದಾರಿ

ಕರುಳಿನ ಶಸ್ತ್ರಕ್ರಿಯೆಯಾದ ಮೇಲೆ ಮಲವು ಹೊಟ್ಟೆಯ ಮೇಲಿನ ದ್ವಾರದಿಂದ ಹೊರಬೀಳುವುದೆಂದು ವೈದ್ಯರು ತಿಳಿಸಿದೊಡನೆ, ಅಂತಹ ಬಾಳಿಗಿಂತ ಸಾವೇ ಲೇಸೆಂದು ಮನೆಗೆ ಹಿಂದಿರುಗುವವರುಂಟು. ರೋಗವು ಬಲಿತ ಮೇಲೆ ಮತ್ತೆ ಬಂದರೆ ವೈದ್ಯರು ಮಾಡಬಲ್ಲುದು ಸ್ವಲ್ಪವೇ. ಆದುದರಿಂದ ಮನೆಮಂದಿಯೆಲ್ಲ ಓದುವ ಈ ಪುಟಗಳಲ್ಲಿ ಈ ವಿಷಯವನ್ನು ಬರೆಯಲು ಸಂಕೋಚಪಡುವುದು ತರವಲ್ಲವೆಂದು ನಾವು ಭಾವಿಸಿದ್ದೇವೆ.

ಗುದನಾಳದ ಅರ್ಬುದ, ಕರುಳಿನ ಅಡಚಣೆ, ಗಾಯ, ಹುಟ್ಟಿನಿಂದಲೇ ಗುದದ್ವಾರವಿಲ್ಲದಿರುವುದು, ಇವೇ ಮೊದಲಾದ ಕಾರಣಗಳಿಂದ ಕರುಳಿನ ತುದಿಯನ್ನು ಹೊಟ್ಟೆಯ ಚರ್ಮಕ್ಕೆ ತಂದು ಹೊಲಿಯುವರು. ದೊಡ್ಡ ಕರುಳಿನದಾದರೆ ಕೊಲಾಸ್ಟಮಿ, ಸಣ್ಣ ಕರುಳಿನದಾದರೆ ಇಲಿಯಾಸ್ಟಮಿ. ಆ ದ್ವಾರವೇ ಸ್ಟೋಮಾ. ಕೆಲವರಿಗೆ ಇದು ಕೆಲವು ತಿಂಗಳ ಮಾತು, ಅನಂತರ ಕರುಳನ್ನು ಮತ್ತೆ ಜೋಡಿಸುವರು. ಕೆಲವರಿಗೆ ಜೀವಮಾನದ್ದು. ಯಾವುದೆಂಬುದನ್ನು ಮುಂಚೆಯೇ ಕೇಳಿ ತಿಳಿಯತಕ್ಕದ್ದು.

೧೭೯೩ರಲ್ಲಿ ಫ್ರಾನ್ಸಿನ ಬ್ರೆಸ್ಟ್ ನಗರದಲ್ಲಿ ಡ್ಯುರೆ ಎಂಬ ವೈದ್ಯನು ಗುದದ್ವಾರವಿಲ್ಲದೆ ಹುಟ್ಟಿದ ಶಿಶುವಿಗೆ ಈ ಶಸ್ತ್ರಕ್ರಿಯೆಯನ್ನು ಮಾಡಿದನು. ಆ ಕೂಸು ಬೆಳೆದು ನಾಲ್ವತ್ತು ವರ್ಷಗಳಿಗೂ ಮೀರಿ ಬಾಳಿತು. ಮೈಗೆ ಅಂಟುವ ಚೀಲದ ಯೋಚನೆಯು ೧೯೫೪ರಲ್ಲಿ ಡೆನ್ಮಾರ್ಕಿನ ದಾದಿ ಎಲಿಸೆ ಸೊರೆನ್ಸೆನ್ನಳಿಗೆ ಹೊಳೆಯಿತು. ಶಸ್ತ್ರಕ್ರಿಯೆಯಾದ ಸೋದರಿಯು ಹೊರಗೆ ಹೋಗಲು ಅಂಜುತ್ತಿದ್ದುದನ್ನು ಕಂಡವಳು ಆಕೆ. ಪಂಡಿತರಿಗಿಂತ ಅವಳಿಗೇ ಅದು ಹೊಳೆದುದರಲ್ಲಿ ಆಶ್ಚರ್ಯವೇನು?

ಸ್ಟೋಮಾ ಕೆಂಪಗೆ, ತೇವವಾಗಿರುವುದು ಆರೋಗ್ಯದ ಲಕ್ಷಣ. ಅದಕ್ಕೆ ನೋವನ್ನರಿಯುವ ನರಗಳಿಲ್ಲ. ಒರಸುವಾಗ ತುಸು ರಕ್ತ ಕಂಡರೆ ಹೆದರಬೇಕಾಗಿಲ್ಲ. ಕಪ್ಪಾದರೆ ಮಾತ್ರ ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು. ಚೀಲವು ಮೂರನೆಯ ಒಂದು ಪಾಲು ತುಂಬಿದಾಗಲೇ ಬರಿದುಮಾಡಬೇಕು. ಫಲಕದ ರಂಧ್ರವು ಸ್ಟೋಮಾಕ್ಕಿಂತ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಅಗಲವಾದರೆ ಮಲವು ತಾಕಿ ಚರ್ಮ ಬೇಯುವುದು. ದೀಪಾವಳಿಯ ಎಣ್ಣೆಸ್ನಾನವನ್ನು ಬಿಡಬೇಕಾಗಿಲ್ಲವಾದರೂ, ಚೀಲ ಅಂಟುವ ಜಾಗಕ್ಕೆ ಎಣ್ಣೆ ಸೋಕಬಾರದು.

ಮಲೆನಾಡಿನ ಊಟದ ವಿಚಾರವನ್ನು ಬೇರೆಯಾಗಿ ಹೇಳಬೇಕು. ಇಲಿಯಾಸ್ಟಮಿಯವರಿಗೆ ಮೊದಲ ಆರೆಂಟು ವಾರಗಳಲ್ಲಿ ಕಳಲೆ, ಹಲಸು, ಕಾಯಿಚೂರು ಮುಂತಾದ ನಾರಿನ ಪದಾರ್ಥಗಳು ಸಲ್ಲವು. ದ್ವಾರದಲ್ಲಿ ಸಿಕ್ಕಿ ಕಟ್ಟಿಕೊಳ್ಳುವ ಭಯವುಂಟು. ಅನಂತರ ಸ್ವಲ್ಪ ಸ್ವಲ್ಪವಾಗಿ, ಚೆನ್ನಾಗಿ ಅಗಿದು ತಿಂದು ನೋಡಬಹುದು. ಅವರ ಮೈಯಿಂದ ನೀರಿನೊಡನೆ ಉಪ್ಪೂ ಹೋಗುವುದು. ೧೯೨೩ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯಲ್ಲಿ, ಕುಲುಮೆಯ ಮುಂದೆ ಬೆವರು ಸುರಿಸಿದ ಮನೆತನಗಳಿಗೆ ಉಪ್ಪಿನ ಬೆಲೆಯನ್ನು ನಾವು ಹೇಳಿಕೊಡಬೇಕೆ? ಬರಿಯ ನೀರು ಸಾಲದು. ವೈದ್ಯರು ಹೇಳಿದ ಲವಣದ್ರಾವಣ, ಉಪ್ಪು ಬೆರೆತ ಗಂಜಿ ಬೇಕು.

ಇನ್ನು ಮಡಿಯ ಮಾತು. ಅತ್ತೆ ಸೊಸೆಯರಲ್ಲಿ ಯಾರಿಗೆ ಈ ಚೀಲ ಬಂದರೂ ಅಡಿಗೆಮನೆಯ ಹೊಸ್ತಿಲಲ್ಲೇ ತಡೆಯುವ ಮನೆಗಳುಂಟು. ಇದು ಅಂಟುರೋಗವಲ್ಲ. ಚೀಲವು ಭದ್ರವಾಗಿರುವಾಗ ವಾಸನೆಯೂ ಬಾರದು. ಸ್ನಾನಮಾಡಿ ಕೈತೊಳೆದವಳಿಗೆ ಒಲೆಯನ್ನು ನಿರಾಕರಿಸುವುದು ಬರಿಯ ನಿರ್ದಯೆಯೆಂದು ನಮ್ಮ ಅಭಿಪ್ರಾಯ.

ಮರೆಯಬಾರದ ಸಂಗತಿಯೊಂದಿದೆ. ಶಸ್ತ್ರಕ್ರಿಯೆಗೆ ಮುಂಚೆ ರೋಗಿಯನ್ನು ಕುಳ್ಳಿರಿಸಿ, ನಿಲ್ಲಿಸಿ, ಬಾಗಿಸಿ ದ್ವಾರದ ಜಾಗವನ್ನು ಗುರುತುಮಾಡುವರು. ಪಂಚೆಯ ಗಂಟು, ಸೀರೆಯ ನೆರಿಗೆ ಎಲ್ಲಿ ಬರುವುದೆಂಬುದನ್ನು ಆಗಲೇ ಉಟ್ಟು ತೋರಿಸಬೇಕು. ಮುಂದೆ ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವ ದಿನ, ಬಸ್ಸಿಗೆ ಹೆದರಿ ಉಪವಾಸವಿರುವುದು ಬೇಡ. ಚೀಲವನ್ನು ಬರಿದುಮಾಡಿ, ಬೇರೊಂದು ಚೀಲವನ್ನೂ ಒಂದು ಬಟ್ಟೆಯನ್ನೂ ಕೈಯಲ್ಲಿಟ್ಟುಕೊಂಡು ಹೊರಟರಾಯಿತು.