ಹಳ್ಳಿಯ ಹುಡುಗರು ಕಟ್ಟಿದ ರಂಗಭೂಮಿ

ಮುಗಳಖೋಡದ ಸುತ್ತಮುತ್ತಲ ಹಳ್ಳಿಗಳಲ್ಲಿ, ಒಟ್ಟಾರೆ ರಾಯಬಾಗ, ಗೋಕಾಕ, ಅಥಣಿಯ ಕಡೆ, ಜಾತ್ರೆ ಎಂದ ಮೇಲೆ ನಾಟಕ ಇರಲೇಬೇಕು. ಊರ ತರುಣರೇ ಸೇರಿ ಒಂದು ನಾಟ್ಯ ಸಂಘ ಕಟ್ಟಿಕೊಳ್ಳುತ್ತಾರೆ. ಪೇಟಿ ಮಾಸ್ತರರನ್ನು ಕರೆಸುತ್ತಾರೆ. ಹಗಲೆಲ್ಲ ಕಬ್ಬಿನ ಹೊಲದಲ್ಲಿ ದುಡಿದವರು ರಾತ್ರಿ ತಾಲೀಮಿಗೆ ಕೂಡುತ್ತಾರೆ. ಸ್ತ್ರೀ ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ಜಾತ್ರೆ ಮುಗಿಯುತ್ತಲೇ ಸಂಘವೂ ಚದುರಿ ಹೋಗುತ್ತದೆ. ಇಂಥ ಒಂದು ಸಂಘ ಚದುರದೆ ಉಳಿದರೆ ಏನಾಗಬಹುದು? ಅದರಿಂದ ನಮ್ಮ ಮನೆಯ ಮಕ್ಕಳಿಗೇನು ಲಾಭ?

ನಾಟಕ ಈ ನೆಲಕ್ಕೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಮನೆಮಾತಾಗಿಸಿದ ತಮ್ಮಣ್ಣ ನಮಗೆ ಹತ್ತಿರದ ಕುಲಗೋಡದವರು. ಗಂಡಸರೇ ಸೀರೆ ಉಟ್ಟು ಸ್ತ್ರೀವೇಷ ಹಾಕುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ಪಾರಿಜಾತದ ರಂಗಕ್ಕೆ ಬಂದು ಹೆಸರು ಮಾಡಿದರು. ಗಡಿಯಾಚೆಯ ಸಾಂಗ್ಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ಮರಾಠಿಯ ಮೊದಲ ನಾಟಕ ಆಡಿಸಿದಾಗ, ಅದಕ್ಕೆ ಪ್ರೇರಣೆಯಾದದ್ದು ಕರ್ನಾಟಕದಿಂದ ಅಲ್ಲಿಗೆ ಹೋಗಿದ್ದ ಭಾಗವತರ ಮೇಳದ ಆಟ. ಸವದತ್ತಿ ತಾಲೂಕಿನ ಏಣಗಿ ಬಾಳಪ್ಪನವರು 2018ರಲ್ಲಿ ತೀರಿಕೊಳ್ಳುವವರೆಗೆ ನೂರು ವರ್ಷ ಮೀರಿದ ಬಾಳಿನ ಬಹುಭಾಗವನ್ನು ರಂಗಭೂಮಿಗೇ ಮೀಸಲಿಟ್ಟರು. ಆದರೆ ಊರ ಹುಡುಗರೇ ಆರಂಭಿಸಿ, ತಲೆಮಾರುಗಳವರೆಗೆ ಉಳಿಸಿಕೊಂಡ ಸಂಘದ ಕಥೆ ಬೇಕೆಂದರೆ ಮಲೆನಾಡಿಗೆ ಹೋಗಬೇಕು.

ಹೆಗ್ಗೋಡಿನ ನೀನಾಸಮ್

ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಸಣ್ಣ ಊರು. ಅಲ್ಲಿಯ ರೈತಾಪಿ ಮನೆಗಳವರು ಸೇರಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಆರಂಭಿಸಿದರು. ಜನರ ಬಾಯಲ್ಲಿ ಅದು 'ನೀನಾಸಮ್' ಆಯಿತು. ಅದರ ಜೀವಾಳವಾಗಿದ್ದ ಕೆ.ವಿ. ಸುಬ್ಬಣ್ಣನವರಿಗೆ ಆಗ ವಯಸ್ಸು ಕೇವಲ 17. ಮುಂದೆ ಅವರು ಮೈಸೂರಿನಲ್ಲಿ ಪದವಿ ಪಡೆದರು. ಓದಿದವರು ಪಟ್ಟಣದಲ್ಲೇ ನೌಕರಿ ಹಿಡಿದು ನೆಲೆಸುವುದು ವಾಡಿಕೆ. ಸುಬ್ಬಣ್ಣ ಮಾತ್ರ ಊರಿಗೆ ಮರಳಿ ತೋಟವನ್ನೂ ಸಂಘವನ್ನೂ ನೋಡಿಕೊಂಡರು.

ಅವರು ಆತುರಪಡಲಿಲ್ಲ. ನಾಟಕದ ಜೊತೆಗೆ ಓದು ಬೇಕೆಂದು ಅಕ್ಷರ ಪ್ರಕಾಶನವನ್ನು ಆರಂಭಿಸಿ ಪುಸ್ತಕ ಪ್ರಕಟಿಸಿದರು. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಸಿದ್ಧವಾದದ್ದು 1972ರಲ್ಲಿ, ಅಂದರೆ ಸಂಘ ಹುಟ್ಟಿ 23 ವರ್ಷಗಳ ಬಳಿಕ. ಮರುವರ್ಷ ಚಿತ್ರಸಮಾಜ ಬಂತು. ದೇಶವಿದೇಶಗಳ ಒಳ್ಳೆಯ ಸಿನಿಮಾಗಳನ್ನು ಹಳ್ಳಿಯ ಜನ ನೋಡುವಂತಾಯಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಗಿ, ನಾಡಿನ ನಾನಾ ಕಡೆಯ ತರುಣ ತರುಣಿಯರು ಬಂದು ಕಲಿಯತೊಡಗಿದರು. 1985ರಿಂದ 'ತಿರುಗಾಟ' ತಂಡ ಊರೂರಿಗೆ ನಾಟಕ ಒಯ್ಯತೊಡಗಿತು. ದೊಡ್ಡ ಪಟ್ಟಣದ ಮುಖ ನೋಡದ ಜನರೂ ಶೇಕ್ಸ್‌ಪಿಯರನ ನಾಟಕವನ್ನು ಕನ್ನಡದಲ್ಲಿ ಕಂಡರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡ ಮೇಲೂ ಸಂಘ ನಿಲ್ಲಲಿಲ್ಲ. ಕೆಲಸವನ್ನು ಒಬ್ಬರ ಕೈಯಲ್ಲೇ ಇಟ್ಟುಕೊಳ್ಳದೆ ಕಿರಿಯರಿಗೆ ಕಲಿಸುತ್ತ ಬಂದದ್ದರಿಂದ ಇದು ಸಾಧ್ಯವಾಯಿತು.

ಸಿದ್ದಿಗಳ ನಾಟಕ

ಈ ಕಥೆಯಲ್ಲಿ ನಮ್ಮ ಓದುಗರು ತಿಳಿಯಬೇಕಾದ ಇನ್ನೊಂದು ಅಧ್ಯಾಯವಿದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿ ಇದು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಬಣ್ಣ ಮತ್ತು ಕೂದಲ ಕಾರಣಕ್ಕೆ ಶಾಲೆಯಲ್ಲಿ, ಸಂತೆಯಲ್ಲಿ ಹೀಯಾಳಿಕೆ ಕೇಳಿಯೇ ಬೆಳೆದವರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ.

1980ರ ದಶಕದಲ್ಲಿ ನೀನಾಸಮ್‌ನ 'ಜನಸ್ಪಂದನ' ಯೋಜನೆಯಡಿ ನಿರ್ದೇಶಕ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲೂಕಿನ ಮಂಚಿಕೇರಿಯ ಸಿದ್ದಿಗಳಿಂದಲೇ ಒಂದು ನಾಟಕ ಆಡಿಸಿದರು. ನೈಜೀರಿಯಾದ ಲೇಖಕ ಚಿನುವ ಅಚಿಬೆಯವರ 1958ರ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್' ಅದಕ್ಕೆ ಆಧಾರ. ಬಿಳಿಯರ ಆಳ್ವಿಕೆ ಬಂದು ಆಫ್ರಿಕಾದ ಒಂದು ಹಳ್ಳಿಯ ಬದುಕು ಮುರಿದು ಬೀಳುವ ಕಥೆ ಅದು. ಕೂಲಿ ಮಾಡುತ್ತಿದ್ದ ಜನ ತಮ್ಮ ಪೂರ್ವಜರ ಖಂಡದ ಕಥೆಯನ್ನು ಕನ್ನಡದಲ್ಲಿ ಎಲ್ಲರೆದುರು ನಿಂತು ಹೇಳಿದರು. ಮುಂದೆ ಆ ಸಮುದಾಯದ ಗಿರಿಜಾ ಸಿದ್ದಿ ರಂಗನಟಿಯಾಗಿ, ಗಾಯಕಿಯಾಗಿ ಹೆಸರಾದರು. ಪ್ರಶಾಂತ್ ಸಿದ್ದಿ ನೀನಾಸಮ್‌ನಲ್ಲಿ ಕಲಿತು ಕನ್ನಡ ಸಿನಿಮಾಗಳಲ್ಲಿ ನಟರಾದರು. ಯಾರ ಮುಖ ಕಂಡು ಜನ ನಗುತ್ತಿದ್ದರೋ ಅವರ ಮಾತು ಕೇಳಲು ಈಗ ಜನ ಸೇರುತ್ತಾರೆ.

ನಮ್ಮ ಮನೆಗಳಲ್ಲಿ

ನಾಟಕ ಎಂದೊಡನೆ ಮುಖ ಸಿಂಡರಿಸುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಅವರ ಆತಂಕ ಪೂರ್ತಿ ಸುಳ್ಳೂ ಅಲ್ಲ. ದ್ವಂದ್ವಾರ್ಥದ ಮಾತು, ಸಿಳ್ಳೆಗಾಗಿಯೇ ಸೇರಿಸಿದ ಕುಣಿತ ಇರುವ ನಾಟಕಕ್ಕೆ ಮನೆಮಂದಿಯನ್ನು ಕರೆದೊಯ್ಯಲು ಯಾವ ತಂದೆ ತಾಯಿಯೂ ಹಿಂಜರಿಯುತ್ತಾರೆ. ಆದರೆ ಅದೇ ಹಿರಿಯರು ಮದ್ರಸದ ವಾರ್ಷಿಕ ಜಲ್ಸಾದಲ್ಲಿ ಮಕ್ಕಳ ಮುಕಾಲಮಾ ನೋಡಿ 'ಮಾಶಾಅಲ್ಲಾಹ್' ಎನ್ನುತ್ತಾರೆ. ಒಬ್ಬ ಹುಡುಗ ಓದು ಬಿಟ್ಟ ಅಣ್ಣನಾಗುತ್ತಾನೆ, ಇನ್ನೊಬ್ಬ ಅವನನ್ನು ತಿದ್ದುವ ಗೆಳೆಯನಾಗುತ್ತಾನೆ. ಮಾತಿಗೆ ಮಾತು ಬೆಳೆಯುತ್ತದೆ. ಹೆಸರು ಬೇರೆ ಇದ್ದರೂ ಅದೂ ನಾಟಕವೇ ತಾನೆ?

ಚಿಂತಿಸಬೇಕಾದ ವಿಷಯ ಬೇರೆ ಇದೆ. ಶಾಲೆಯ ಗ್ಯಾದರಿಂಗ್‌ನಲ್ಲಿ ನಾಲ್ಕನೆಯ ತರಗತಿಯವರೆಗೆ ಅರಳು ಹುರಿದಂತೆ ಮಾತಾಡುವ ನಮ್ಮ ಹುಡುಗಿಯರು ಏಳು, ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಹಿಂದಿನ ಸಾಲು ಸೇರುತ್ತಾರೆ. ಮನೆಯಲ್ಲಿ 'ಇನ್ನು ಸಾಕು' ಎನ್ನುತ್ತಾರೆ. ಬಾಯಿ ಕಟ್ಟಿದ ಆ ಮಗು ಮುಂದೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ತನ್ನ ಮಾತನ್ನು ತಾನೇ ಆಡಲಾರದೆ ಯಾರನ್ನಾದರೂ ಜೊತೆಗೆ ಹುಡುಕುತ್ತಾಳೆ. ತನ್ನ ನಿಕಾಹದ ಮಾತುಕತೆಯಲ್ಲೂ ಒಪ್ಪಿಗೆಯೋ ಅಲ್ಲವೋ ಎಂದು ಬಾಯಿ ಬಿಟ್ಟು ಹೇಳಲು ಅವಳಿಗೆ ಧೈರ್ಯ ಸಾಲದು.

ಇದಕ್ಕೆ ದೊಡ್ಡ ರಂಗಮಂದಿರ ಬೇಕಿಲ್ಲ. ಹೆಗ್ಗೋಡಿನವರು ರಂಗಮಂದಿರಕ್ಕೆ ಕಾಯದೆ 23 ವರ್ಷ ನಾಟಕ ಆಡಿದರು. ಓಣಿಯ ನಾಲ್ಕಾರು ಮಕ್ಕಳನ್ನು ರಜೆಯ ದಿನ ಒಂದು ಪಡಸಾಲೆಯಲ್ಲಿ ಕೂಡಿಸಿದರೆ ಸಾಕು. ವೈದೇಹಿಯವರು ಮಕ್ಕಳಿಗಾಗಿಯೇ ಬರೆದ 'ನಾಯಿಮರಿ ನಾಟಕ'ದಂಥದ್ದನ್ನು ಓದಿಸಬಹುದು. ವರದಕ್ಷಿಣೆ, ಓದು ಬಿಡಿಸುವುದು, ನೆರೆಹೊರೆಯ ಜಗಳ, ಇಂಥ ನಮ್ಮದೇ ವಿಷಯದ ಮೇಲೆ ಮಕ್ಕಳೇ ಮಾತು ಕಟ್ಟಬಹುದು. ನೋಡಲು ಓಣಿಯ ಹೆಣ್ಣುಮಕ್ಕಳಷ್ಟೇ ಬಂದರೂ ಆಯಿತು. ಕನ್ನಡದಲ್ಲಿ ತಡವರಿಸುವ ಉರ್ದು ಮನೆಮಾತಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಭಾಷಾಪಾಠವೂ ಇಲ್ಲ.

ಬರುವ ಗ್ಯಾದರಿಂಗ್‌ಗೆ ಶಿಕ್ಷಕಿಯರು ಹೆಸರು ಕೇಳಿದಾಗ ತಾಯಂದಿರು ಮಗನ ಹೆಸರಿನ ಜೊತೆ ಮಗಳ ಹೆಸರನ್ನೂ ಕೊಡಲಿ. ಅವಳು ಏನು ಮಾತಾಡುತ್ತಾಳೆ ಎಂಬುದನ್ನು ಮುಂಚಿತವಾಗಿ ಓದಿ ನೋಡಲಿ, ಬೇಕಾದರೆ ತಿದ್ದಲಿ. ಆ ದಿನ ಮುಂದಿನ ಸಾಲಿನಲ್ಲಿ ಕುಳಿತು ಕೇಳಲಿ.